ಮಿದುಳಿನ ಗಡ್ಡೆ: ಮರುಬೆಳವಣಿಗೆಯೋ, ಚಿಕಿತ್ಸೆಯ ಪರಿಣಾಮವೋ – ಎಂಆರ್‌ಐ ನಿರ್ಣಯದ ಇತಿಹಾಸ

ಮಿದುಳಿನ ಗಡ್ಡೆಗೆ ವಿಕಿರಣ ಚಿಕಿತ್ಸೆಯಾದ ಮೇಲೆ ಎಂಆರ್‌ಐನಲ್ಲಿ ಹೊಸ ಬಿಳಿ ಮಚ್ಚೆ ಕಾಣಿಸಿಕೊಂಡರೆ ಅದು ಗಡ್ಡೆಯೇ ಆಗಿರಬೇಕೆಂದಿಲ್ಲ. ಗಡ್ಡೆ ಮರುಕಳಿಸಿದಾಗಲೂ ವಿಕಿರಣದಿಂದ ಅಂಗಾಂಶ ಘಾಸಿಗೊಂಡಾಗಲೂ ಸ್ಕ್ಯಾನಿಗಾಗಿ ಚುಚ್ಚುವ ಗಡೋಲಿನಿಯಂ ಔಷಧ ರಕ್ತನಾಳದಿಂದ ಸೋರುವುದರಿಂದ ಸಾಮಾನ್ಯ ಸ್ಕ್ಯಾನ್‌ನಲ್ಲಿ ಎರಡೂ ಒಂದೇ ತೆರನಾಗಿ ಕಾಣುತ್ತವೆ.

ವಿಕಿರಣದ ಬಳಿಕ ಹದಗೆಟ್ಟ ಕೆಲವರು ಚಿಕಿತ್ಸೆ ಬದಲಿಸದೆಯೇ ಚೇತರಿಸಿಕೊಂಡದ್ದು 1979ರಲ್ಲೇ ವರದಿಯಾಗಿತ್ತು. ಆದರೂ 1990ರ ಮ್ಯಾಕ್‌ಡೊನಾಲ್ಡ್ ಮಾನದಂಡ ಮಚ್ಚೆಯ ವಿಸ್ತಾರ ಶೇ. 25ರಷ್ಟು ಹೆಚ್ಚಿದರೆ ರೋಗ ಉಲ್ಬಣಿಸಿದೆ ಎಂದೇ ಎಣಿಸಿತು. 2005ರಲ್ಲಿ ಗ್ಲಿಯೊಬ್ಲಾಸ್ಟೊಮಾ ಎಂಬ ಮಿದುಳಿನ ಗಡ್ಡೆಗೆ ವಿಕಿರಣದ ಜೊತೆ ಟೆಮೊಜೊಲೊಮೈಡ್ ಔಷಧ ಕೊಡುವುದು ರೂಢಿಗೆ ಬಂದ ಮೇಲೆ ಇಂಥ ಹುಸಿ ಬೆಳವಣಿಗೆಯ ಪ್ರಕರಣಗಳತ್ತ ಗಮನ ಹರಿಯಿತು. 2010ರ ರ್ಯಾನೊ ಮಾನದಂಡ, ವಿಕಿರಣ ಮುಗಿದ 12 ವಾರಗಳೊಳಗೆ ಕಿರಣ ಬಿದ್ದ ಜಾಗದಲ್ಲಿನ ಬದಲಾವಣೆಯನ್ನಷ್ಟೇ ನೋಡಿ ಉಲ್ಬಣ ಎನ್ನಬಾರದೆಂದಿತು.

ಪರ್ಫ್ಯೂಷನ್ ಎಂಆರ್‌ಐ ಎರಡನ್ನೂ ಬೇರ್ಪಡಿಸಲು ಹೊಸ ರಕ್ತನಾಳಗಳನ್ನು ಅಳೆಯುತ್ತದೆ: ಗಡೋಲಿನಿಯಂ ಹಾದುಹೋಗುವಾಗ ಸಿಗ್ನಲ್ ಹೆಚ್ಚು ಕುಸಿದಷ್ಟೂ ರಕ್ತದ ಪ್ರಮಾಣ ಹೆಚ್ಚು, ಗಡ್ಡೆಯ ಶಂಕೆಯೂ ಹೆಚ್ಚು. ಅಂಗಾಂಶದ ರಾಸಾಯನಿಕಗಳನ್ನು ಅಳೆಯುವ ಸ್ಪೆಕ್ಟ್ರೊಸ್ಕೋಪಿಯಲ್ಲಿ ಕೋಲಿನ್ ಏರಿದ್ದರೆ ಜೀವಂತ ಗಡ್ಡೆಯ ಸೂಚನೆ. ಲಿಪಿಡ್ ಮೇಲುಗೈಯಾದರೆ ಸತ್ತ ಅಂಗಾಂಶದ ಸೂಚನೆ.

ಈ ಪರೀಕ್ಷೆಗಳು ಎಷ್ಟು ನಂಬಲರ್ಹ ಎಂಬಲ್ಲಿಯೇ ದಾಖಲೆಗಳು ಗೊಂದಲಗೊಳ್ಳುತ್ತವೆ. ಮೊದಲ ಕೆಲವು ತಿಂಗಳ ಹುಸಿ ಬೆಳವಣಿಗೆಯನ್ನೂ ತಿಂಗಳು–ವರ್ಷಗಳ ನಂತರದ ವಿಕಿರಣ ನೆಕ್ರೋಸಿಸ್ಸನ್ನೂ (ಅಂಗಾಂಶದ ಸಾವು) ಹಲವು ಅಧ್ಯಯನಗಳು ಒಟ್ಟಿಗೆ ಸೇರಿಸಿವೆ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಒಂದೇ ತುಣುಕಿನಲ್ಲಿ ಗಡ್ಡೆಯೂ ನೆಕ್ರೋಸಿಸ್ಸೂ ಹಲವು ಬಾರಿ ಬೆರೆತಿರುತ್ತವೆ. ಯಂತ್ರ, ಔಷಧದ ಡೋಸ್, ಸೋರಿಕೆ ತಿದ್ದುಪಡಿ ಬೇರೆಬೇರೆಯಾಗಿದ್ದುದರಿಂದ ರಕ್ತ ಪ್ರಮಾಣದ ಗಡಿಸಂಖ್ಯೆ ಒಂದೊಂದು ಕೇಂದ್ರದಲ್ಲಿ ಒಂದೊಂದಾಯಿತು. ಸ್ಕ್ಯಾನ್ ಕ್ರಮವನ್ನು, ಅಂದರೆ ಪರ್ಫ್ಯೂಷನ್ ವಿಧಾನವನ್ನು, ಏಕರೂಪಗೊಳಿಸುವ ತಜ್ಞರ ಸಮ್ಮತ ಶಿಫಾರಸು ಪ್ರಕಟವಾದದ್ದು 2020ರಲ್ಲಿ.

ಮುಂಬೈ ಸುತ್ತಮುತ್ತ ಈ ಪ್ರಶ್ನೆಗೆ ಇತ್ತೀಚೆಗೆ ಹೊಸ ಆಯಾಮ ಬಂದಿದೆ. ನವಿ ಮುಂಬೈನ ಖಾರ್‌ಘರ್‌ನಲ್ಲಿರುವ ಟಾಟಾ ಸ್ಮಾರಕ ಕೇಂದ್ರದ ಆ್ಯಕ್ಟ್ರೆಕ್ ಆವರಣದ ಪ್ರೋಟಾನ್ ಚಿಕಿತ್ಸಾ ಸೌಲಭ್ಯವನ್ನು 2023ರ ಮೇನಲ್ಲಿ ರಾಷ್ಟ್ರಕ್ಕೆ ಸಮರ್ಪಿಸಲಾಯಿತು. ಪ್ರೋಟಾನ್ ಕಿರಣ ನಿಲ್ಲುವ ಅಂಚಿನಲ್ಲಿ ಅದರ ಜೈವಿಕ ಪರಿಣಾಮ ಹೆಚ್ಚು; ಅಲ್ಲಿ ಹುಟ್ಟುವ ಮಚ್ಚೆಗಳೂ ಗಡ್ಡೆಯಂತೆ ತೋರಬಲ್ಲವು.

ಅದೇ ವರ್ಷದ ರ್ಯಾನೊ 2.0 ವಿಕಿರಣಾನಂತರದ ಸ್ಕ್ಯಾನನ್ನೇ ಹೋಲಿಕೆಯ ಆಧಾರವಾಗಿ ಗೊತ್ತುಪಡಿಸಿತು. ಪರ್ಫ್ಯೂಷನ್ ಅಥವಾ ಸ್ಪೆಕ್ಟ್ರೊಸ್ಕೋಪಿಯನ್ನು ಅದು ಕಡ್ಡಾಯಗೊಳಿಸಲಿಲ್ಲ. ಹೀಗಾಗಿ ಸಂಶಯದ ಪ್ರಕರಣಗಳಲ್ಲಿ ತೀರ್ಮಾನ ಇಂದಿಗೂ ಮರು ಸ್ಕ್ಯಾನ್ ಇಲ್ಲವೇ ಬಯಾಪ್ಸಿಯನ್ನೇ ನೆಚ್ಚಿಕೊಂಡಿದೆ.