ಬಲ್ಲ ಕಥೆಯ ಹೊಸ ವೀರ

ಅಮೆರಿಕೆಯ ಚಿತ್ರಕಥೆಗಳಲ್ಲಿ 1938ರಲ್ಲಿ ಸೂಪರ್‌ಮ್ಯಾನನೂ ಮರುವರ್ಷ ಬ್ಯಾಟ್‌ಮನ್ನನೂ ಅವತರಿಸಿದಂದಿನಿಂದ, ಆ ವೀರರ ಚರಿತ್ರೆಯನ್ನು ತಲೆಮಾರಿಗೊಮ್ಮೆ ಮೊದಲಿನಿಂದ ಹೇಳುವ ಪದ್ಧತಿಯೊಂದು ಅಲ್ಲಿ ಬೆಳೆದುಬಂದಿತು. 2002ರಲ್ಲಿ ಬೆಳ್ಳಿತೆರೆಗೆ ಬಂದ ಸ್ಪೈಡರ್‌ಮ್ಯಾನನ ಕಥೆಯು ಹತ್ತೇ ವರ್ಷಗಳಲ್ಲಿ ಬೇರೊಬ್ಬ ನಟನೊಡನೆ ಆದಿಯಿಂದ ಪುನರಾರಂಭವಾದಾಗ, ಬಲ್ಲ ಕಥೆಯನ್ನೇ ಮರಳಿ ಕೇಳಬೇಕೇಕೆಂದು ಅಭಿಮಾನಿಗಳು ಮುನಿದರು. ಈ ಮುನಿಸು ಮಲೆನಾಡಿನ ಮೇಗುಂದ ಸೀಮೆಯವರಿಗೆ ಅಪರಿಚಿತವಲ್ಲ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಈ ಮಲೆಸೀಮೆಗೂ ರಾಮಕಥೆಗೂ ಇರುವ ನಂಟು ಆ ಕಥೆಯ ಆದಿಯಷ್ಟೇ ಹಳೆಯದು. ದಶರಥನಿಗೆ ಪುತ್ರಕಾಮೇಷ್ಟಿಯನ್ನು ಮಾಡಿಸಿದ ಋಷ್ಯಶೃಂಗನು ಶೃಂಗೇರಿಗೆ ಸಮೀಪದ ಕಿಗ್ಗದಲ್ಲಿ ಲಿಂಗರೂಪಿಯಾಗಿ ನೆಲೆಸಿದ್ದಾನೆಂಬ ನಂಬುಗೆಯಿಂದ, ಮಳೆ ಬಾರದಾಗ ಬರಲೆಂದೂ ಮಿತಿಮೀರಿದಾಗ ನಿಲ್ಲಲೆಂದೂ ಜನರು ಆತನಲ್ಲಿ ಮೊರೆಯಿಡುತ್ತಾರೆ. ಮಳೆಗಾಲದ ಇರುಳುಗಳಲ್ಲಿ ಮಲೆನಾಡಿನ ಮನೆಗಳ ಜಗಲಿಯಲ್ಲಿ ತೊರವೆ ರಾಮಾಯಣ, ಜೈಮಿನಿ ಭಾರತಗಳ ವಾಚನ. ಕೊಯ್ಲು ಮುಗಿದ ಮೇಲೆ ಬಯಲಾಟ, ತಾಳಮದ್ದಳೆ. ಕಥೆ ಕೇಳುಗರೆಲ್ಲರಿಗೂ ಕಂಠಸ್ಥವೇ. ಆದರೂ ಭಾಗವತರ ಪದ್ಯಕ್ಕೆ ಆಶುವಾಗಿ ಅರ್ಥ ಹೇಳುವ ಅರ್ಥಧಾರಿಯ ಬಾಯಲ್ಲಿ ಕರ್ಣನು ಈ ದಿನ ಯಾವ ನ್ಯಾಯವನ್ನು ಮುಂದಿಟ್ಟಾನೆಂಬ ಕುತೂಹಲದಿಂದಲೇ ಅವರು ಬೆಳಗಿನವರೆಗೆ ಕುಳಿತಿರುತ್ತಿದ್ದರು. ಮರುದಿನ ಆ ಕರ್ಣನನ್ನು ಹಿಂದಿನ ಕರ್ಣನೊಡನೆ ತೂಗಿನೋಡುತ್ತಿದ್ದರು.

ಕವಿಗಳೂ ಈ ಸ್ವಾತಂತ್ರ್ಯವನ್ನು ಬಹು ಹಿಂದೆಯೇ ವಹಿಸಿದ್ದರು. 941ರಲ್ಲಿ ಪಂಪನು ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಪತ್ನಿಯಾಗಿಸಿದನು. ನಾಗಚಂದ್ರನ ಕಾವ್ಯದಲ್ಲಿ ರಾವಣನನ್ನು ಕೊಲ್ಲುವವನು ಲಕ್ಷ್ಮಣ. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಜನಿಸಿದ ಕುವೆಂಪು ಈ ಪರಂಪರೆಯ ಉತ್ತರಾಧಿಕಾರಿಗಳು. ಅವರ ‘ಶೂದ್ರ ತಪಸ್ವಿ’ಯಲ್ಲಿ ರಾಮನ ಬ್ರಹ್ಮಾಸ್ತ್ರವು ಶಂಬೂಕನನ್ನು ಕೊಲ್ಲದೆ ಅವನಿಗೇ ನಮಿಸಿದಾಗ, ಪ್ರಾಚೀನ ಕಥೆಯನ್ನು ಹೀಗೆ ಮಾರ್ಪಡಿಸುವುದು ಉಚಿತವಲ್ಲವೆಂದು ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಆಕ್ಷೇಪಿಸಿದರು, ಕುವೆಂಪು ಅದಕ್ಕೆ ಉತ್ತರವಿತ್ತರು. 1949ರಲ್ಲಿ ಬೆಳಕು ಕಂಡ ‘ಶ್ರೀ ರಾಮಾಯಣ ದರ್ಶನಂ’ ಇನ್ನೂ ಮುಂದೆ ಸಾಗಿ, ಮಂಥರೆಯನ್ನು ಕುಟಿಲೆಯೆಂದು ತಳ್ಳದೆ ಮಮತೆಯ ಸುಳಿಯಲ್ಲಿ ಸಿಲುಕಿದವಳೆಂದು ಕಂಡಿತು. ಅಗ್ನಿಪರೀಕ್ಷೆಯಲ್ಲಿ ಸೀತೆಯೊಡನೆ ರಾಮನನ್ನೂ ಉರಿಗೆ ಇಳಿಸಿತು.

ಈ ಮಾರ್ಪಾಡುಗಳು ನನಗೆ ಮಾನ್ಯವಾಗುವುದು ಅವು ನೂತನವೆಂಬುದರಿಂದಲ್ಲ. ಕೈಕೇಯಿಯ ತವರಿನಿಂದ ಬಂದ ದಾಸಿಗೆ ತನ್ನ ಒಡತಿಯ ಮೇಲಿದ್ದ ಮೋಹವೂ, ಪತ್ನಿಯನ್ನು ಅಗಲಿದ ರಾಮನ ಶೋಕವೂ ಹಳೆಯ ಕಥೆಯಲ್ಲಿಯೇ ಬೀಜರೂಪದಲ್ಲಿದ್ದುವು. ಕವಿಯು ಅವಕ್ಕೆ ನೀರೆರೆದನು. 2005ರ ಬ್ಯಾಟ್‌ಮನ್ ಚಿತ್ರವನ್ನೂ ನಾನು ಈ ಕಾರಣದಿಂದಲೇ ಮೆಚ್ಚುತ್ತೇನೆ: ಬಾಲ್ಯದಲ್ಲಿ ಬಾವಲಿಗಳಿಂದ ಹುಟ್ಟಿದ ಭಯವನ್ನೇ ಅದು ವೀರನ ವೇಷಕ್ಕೂ ವ್ರತಕ್ಕೂ ಮೂಲವಾಗಿಸಿತು. 2012ರ ಸ್ಪೈಡರ್‌ಮ್ಯಾನ್ ಚಿತ್ರವಾದರೋ ನಾಯಕನ ತಂದೆತಾಯಿಗಳ ಗುಟ್ಟೊಂದನ್ನು ಮುಂದಿಟ್ಟು, ಅದನ್ನು ಬಿಡಿಸುವ ಮುನ್ನವೇ, ನಾವಾಗಲೇ ನೋಡಿದ್ದ ಚಿಕ್ಕಪ್ಪನ ಮರಣದ ಕಡೆಗೆ ಹೊರಳಿತು. ವೇಷ ಹೊಸತು, ಅರ್ಥ ಹಳೆಯದು.

ಮಾಸ್ತಿಯವರ ಆಕ್ಷೇಪವನ್ನು ನಾನು ಒಪ್ಪದಿದ್ದರೂ ಅದಕ್ಕೆ ಋಣಿ. ಹಳೆಯ ರಾಮನನ್ನು ಅಷ್ಟು ಬಲ್ಲ ಓದುಗರಿದ್ದುದರಿಂದಲೇ ಹೊಸ ರಾಮನ ಕವಿಯು ತನ್ನ ಪ್ರತಿಯೊಂದು ಬದಲಾವಣೆಗೂ ಹೊಣೆಗಾರನಾಗಬೇಕಾಯಿತು. ಅಭಿಮಾನಿಯ ಮುನಿಸನ್ನು ಹಟವೆಂದು ಬದಿಗೊತ್ತುವ ನಿರ್ಮಾಪಕರು, ತಾಳಮದ್ದಳೆಯ ಮರುದಿನ ಕರ್ಣನನ್ನು ತೂಗುತ್ತಿದ್ದ ಮೇಗುಂದದ ಕೇಳುಗನೆದುರು ಒಂದು ರಾತ್ರಿಯೂ ನಿಲ್ಲಲಾರರು.