ಎಳೆಯ ದಪ್ಪ, ಲೇಪದ ಗುಣ: ಹೃದಯಾಘಾತ ಚಿಕಿತ್ಸೆಯಲ್ಲಿ ಸ್ಟೆಂಟ್‌ಗಳ ಹೋಲಿಕೆಯ ಚರಿತ್ರೆ

2006ರ ಸೆಪ್ಟೆಂಬರ್ 14ರ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಸಂಚಿಕೆಯಲ್ಲಿ ಎರಡು ಪ್ರಯೋಗಗಳ ವರದಿಗಳು ಒಟ್ಟಿಗೆ ಪ್ರಕಟವಾದವು. ಎರಡೂ ಕೇಳಿದ್ದು ಒಂದೇ ಪ್ರಶ್ನೆ: ಹೃದಯಾಘಾತವಾಗಿ ಬಂದವರ ಮುಚ್ಚಿದ ರಕ್ತನಾಳಕ್ಕೆ ಔಷಧ ಲೇಪಿತ ಸ್ಟೆಂಟ್ ಬೇಕೋ, ಬರೀ ಲೋಹದ್ದು ಸಾಕೋ? 712 ರೋಗಿಗಳ ‘ಟೈಫೂನ್’ ಪ್ರಯೋಗದಲ್ಲಿ ಸಿರೊಲಿಮಸ್ ಲೇಪಿತ ಸ್ಟೆಂಟ್ ಸ್ಪಷ್ಟವಾಗಿ ಗೆದ್ದಿತು. ಸಾವು, ಮರು ಆಘಾತ, ಮರುಚಿಕಿತ್ಸೆ ಮೂರನ್ನೂ ಸೇರಿಸಿ ಎಣಿಸಿದಾಗ ಒಂದು ವರ್ಷದೊಳಗೆ ತೊಂದರೆಗೊಳಗಾದವರು ಶೇ. 7.3, ಬರೀ ಲೋಹದ ಗುಂಪಿನಲ್ಲಿ ಶೇ. 14.3. 619 ರೋಗಿಗಳ ‘ಪ್ಯಾಷನ್’ ಪ್ರಯೋಗದಲ್ಲಿ ಪ್ಯಾಕ್ಲಿಟ್ಯಾಕ್ಸೆಲ್ ಲೇಪಿತ ಸ್ಟೆಂಟ್‌ಗೆ ಸಿಕ್ಕಿದ್ದು ಶೇ. 8.8, ಎದುರು ಗುಂಪಿಗೆ ಶೇ. 12.8. ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಅದು ಗೆಲುವಲ್ಲ.

ಈ ವ್ಯತ್ಯಾಸಕ್ಕೆ ಔಷಧವೇ ಕಾರಣ ಎಂದು ಹೇಳಿಬಿಡುವುದು ಸುಲಭ. ಪ್ರಯೋಗಗಳ ವಿನ್ಯಾಸ ನೋಡಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಟೈಫೂನ್‌ನ 210 ರೋಗಿಗಳಿಗೆ ಎಂಟನೇ ತಿಂಗಳಲ್ಲಿ ಮತ್ತೆ ಆಂಜಿಯೋಗ್ರಾಮ್ ಮಾಡುವುದೆಂದು ಮೊದಲೇ ನಿಗದಿಯಾಗಿತ್ತು. ನಾಳ ಕಿರಿದಾದದ್ದು ಪರದೆಯ ಮೇಲೆ ಕಂಡ ಮೇಲೆ, ರೋಗಿಗೆ ಎದೆನೋವಿಲ್ಲದಿದ್ದರೂ, ಅದನ್ನು ಬಿಡಿಸದೆ ಸುಮ್ಮನಿರುವ ವೈದ್ಯರು ಕಡಿಮೆ. ಪ್ಯಾಷನ್‌ನಲ್ಲಿ ಅಂಥ ಕಡ್ಡಾಯ ಪರೀಕ್ಷೆ ಇರಲಿಲ್ಲ. ಟೈಫೂನ್‌ನ ಸಾವಿನ ಲೆಕ್ಕವನ್ನಷ್ಟೇ ತೆಗೆದುಕೊಂಡರೆ ಎರಡು ಗುಂಪುಗಳೂ ಸಮಸಮ: ಶೇ. 2.3 ಮತ್ತು ಶೇ. 2.2. ಗೆಲುವೆಲ್ಲ ಮರುಚಿಕಿತ್ಸೆ ತಪ್ಪಿದ್ದರಲ್ಲೇ ಇತ್ತು. ಸ್ಟೆಂಟ್‌ಗಳ ಹೋಲಿಕೆಯ ಯಾವ ಅಂಕಿಯನ್ನಾದರೂ ಓದುವಾಗ ಮೊದಲು ಕೇಳಬೇಕಾದದ್ದು, ಅಲ್ಲಿ ಎಣಿಸಿದ್ದು ಏನನ್ನು ಎಂದು.

ಹೃದಯಾಘಾತದ ರೋಗಿಗಳು ಈ ಚರಿತ್ರೆಯೊಳಗೆ ಬಂದದ್ದೇ ತಡವಾಗಿ. ಆಂಡ್ರಿಯಾಸ್ ಗ್ರುಂಟ್ಸಿಗ್ ಜ್ಯೂರಿಕ್‌ನಲ್ಲಿ 1977ರಲ್ಲಿ ಬಲೂನಿನಿಂದ ಹೃದಯದ ನಾಳ ಹಿಗ್ಗಿಸಿದರು. ಹಿಗ್ಗಿಸಿದ ನಾಳ ಮತ್ತೆ ಕುಗ್ಗದಂತೆ ಆನಿಕೆಯಾಗಿ ಲೋಹದ ಜಾಲರಿಯನ್ನು, ಅಂದರೆ ಸ್ಟೆಂಟನ್ನು, 1986ರಲ್ಲಿ ಮೊದಲು ಕೂರಿಸಿದವರು ಫ್ರಾನ್ಸಿನ ತುಲೂಸ್‌ನ ಜಾಕ್ ಪುಯೆಲ್; ಅದೇ ವರ್ಷ ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ ಉಲ್ರಿಕ್ ಸಿಗ್ವಾರ್ಟ್ ಕೂಡ ಆ ಕೆಲಸ ಮಾಡಿದರು. 1994ರ ‘ಬೆನೆಸ್ಟೆಂಟ್’ ಮತ್ತು ‘ಸ್ಟ್ರೆಸ್’ ಪ್ರಯೋಗಗಳು ಬರೀ ಬಲೂನಿಗಿಂತ ಸ್ಟೆಂಟ್ ಮೇಲು ಎಂದು ತೋರಿಸಿದವು. ಆದರೆ ಅವು ಹೃದಯಾಘಾತದ ರೋಗಿಗಳ ಮೇಲೆ ನಡೆದವಲ್ಲ. ಆಗತಾನೇ ರಕ್ತ ಹೆಪ್ಪುಗಟ್ಟಿರುವ ಜಾಗಕ್ಕೆ ಹೊರಗಿನ ಲೋಹ ಇಟ್ಟರೆ ಇನ್ನಷ್ಟು ಹೆಪ್ಪುಗಟ್ಟುತ್ತದೆ ಎಂಬ ಭಯವಿತ್ತು. ಆ ಭಯಕ್ಕೆ ಆಧಾರವೂ ಇತ್ತು. ಆಂಟೋನಿಯೊ ಕೊಲಂಬೊ ಬಲೂನಿನ ಒತ್ತಡ ಹೆಚ್ಚಿಸಿ ಸ್ಟೆಂಟನ್ನು ನಾಳದ ಗೋಡೆಗೆ ಸರಿಯಾಗಿ ಕೂರಿಸಿದರು. 1996ರಲ್ಲಿ ಮ್ಯೂನಿಕ್‌ನ ತಂಡ ಆಸ್ಪಿರಿನ್ ಜೊತೆ ಟಿಕ್ಲೊಪಿಡಿನ್ ಕೊಟ್ಟು ಹೆಪ್ಪಿನ ಅಪಾಯ ಇಳಿಸಿತು. ಬಾಗಿಲು ತೆರೆದದ್ದು ಇವೆರಡರಿಂದ.

ಒಳಗೆ ಬಂದ ಮೇಲೂ ಮೊದಲ ಫಲಿತಾಂಶ ಕಸಿವಿಸಿಯದ್ದೇ. 1999ರಲ್ಲಿ ಪ್ರಕಟವಾದ, 900 ರೋಗಿಗಳ ‘ಸ್ಟೆಂಟ್-ಪಾಮಿ’ ಪ್ರಯೋಗದಲ್ಲಿ ಆರು ತಿಂಗಳೊಳಗೆ ಮರುಚಿಕಿತ್ಸೆ ಬೇಕಾದವರು ಶೇ. 17.0ರಿಂದ ಶೇ. 7.7ಕ್ಕೆ ಇಳಿದರು. ಸಾವು ಮಾತ್ರ ಬಲೂನಿನ ಗುಂಪಿನಲ್ಲಿ ಶೇ. 2.7, ಸ್ಟೆಂಟ್ ಗುಂಪಿನಲ್ಲಿ ಶೇ. 4.2. ಆಕಸ್ಮಿಕವೆನ್ನಬಹುದಾದ ಅಂತರವೇ ಅದು. ಆದರೂ ಸ್ಟೆಂಟ್ ಹಾಕಿದವರಲ್ಲಿ ರಕ್ತದ ಹರಿವು ಪೂರ್ತಿ ಮರಳಿದವರ ಪ್ರಮಾಣ ತುಸು ಕಡಿಮೆಯಿದ್ದುದರಿಂದ ಅನುಮಾನ ಉಳಿಯಿತು. ಆ ಪ್ರಯೋಗದಲ್ಲಿ ಬಳಸಿದ್ದು ಆ ಕಾಲದ ಗಡುಸಾದ ಪಾಲ್ಮಾಜ್-ಶಾಟ್ಜ್ ಸ್ಟೆಂಟ್. ಮುಂದೆ 2,082 ರೋಗಿಗಳ ‘ಕ್ಯಾಡಿಲ್ಯಾಕ್’ ಪ್ರಯೋಗಕ್ಕೆ ಹೊಸ ಪೀಳಿಗೆಯ, ಹೆಚ್ಚು ಬಾಗುವ ಸ್ಟೆಂಟ್ ಬಂತು. ಆರು ತಿಂಗಳ ಒಟ್ಟು ತೊಂದರೆಗಳು ಬರೀ ಬಲೂನಿನಲ್ಲಿ ಶೇ. 20.0, ಬರೀ ಸ್ಟೆಂಟಿನಲ್ಲಿ ಶೇ. 11.5, ಸಾವಿನ ಅನುಮಾನವೂ ಮರುಕಳಿಸಲಿಲ್ಲ. ಲೋಹದ ರಚನೆ ಬದಲಾದರೆ ಉತ್ತರವೂ ಬದಲಾಗಬಹುದೆಂಬ ಸುಳಿವು ಇಲ್ಲೇ ಇತ್ತು. ಅದನ್ನು ಹಿಡಿದು ಮುಂದೆ ಹೋದವರು ಆಗ ಕಡಿಮೆ, ಏಕೆಂದರೆ ಅಷ್ಟರಲ್ಲಿ ಎಲ್ಲರ ಗಮನ ಔಷಧದತ್ತ ತಿರುಗಿತ್ತು.

ಸಿರೊಲಿಮಸ್‌ನ ಮೂಲ ಪೆಸಿಫಿಕ್ ಸಾಗರದ ರಾಪಾ ನುಯಿ ದ್ವೀಪದ ಮಣ್ಣು. ಅದರ ಗುಣಗಳನ್ನು ಬಿಡದೆ ಬೆನ್ನಟ್ಟಿದವರು ಭಾರತೀಯ ಮೂಲದ ವಿಜ್ಞಾನಿ ಸುರೇಂದ್ರನಾಥ ಸೆಹಗಲ್. ಗಾಯದ ಜಾಗದಲ್ಲಿ ಜೀವಕೋಶಗಳು ಅತಿಯಾಗಿ ಬೆಳೆದು ನಾಳವನ್ನು ಮತ್ತೆ ಮುಚ್ಚುವುದನ್ನು ಈ ಔಷಧ ತಡೆಯುತ್ತದೆ. ಅದನ್ನು ಲೋಹಕ್ಕೆ ಅಂಟಿಸಿ ನಿಧಾನವಾಗಿ ಬಿಡುವುದಕ್ಕೆ ಪಾಲಿಮರ್ ಲೇಪ ಬೇಕು. ಔಷಧ ಕೆಲವು ತಿಂಗಳಲ್ಲಿ ಮುಗಿಯುತ್ತದೆ, ಲೇಪ ಅಲ್ಲೇ ಉಳಿಯುತ್ತದೆ. ಮೊದಲ ಪೀಳಿಗೆಯ ಸಿರೊಲಿಮಸ್ ಲೇಪಿತ ‘ಸೈಫರ್’ ಸ್ಟೆಂಟ್‌ನ ಲೋಹದ ಎಳೆಗಳ ದಪ್ಪ 140 ಮೈಕ್ರಾನ್. ಅಮೆರಿಕದಲ್ಲಿ ಕೆಲಸ ಮಾಡುವ ರೋಗಶಾಸ್ತ್ರಜ್ಞೆ ರೇಣು ವಿರ್ಮಾನಿ ಅವರ ತಂಡ ಮರಣೋತ್ತರ ಪರೀಕ್ಷೆಗಳಲ್ಲಿ ಕಂಡದ್ದು, ನಾಳದ ಒಳಪೊರೆ ಬೆಳೆದು ಮುಚ್ಚಬೇಕಾಗಿದ್ದ ಎಳೆಗಳು ಬಹುಕಾಲ ಬೆತ್ತಲೆಯಾಗಿಯೇ ಉಳಿದಿದ್ದವು ಎಂಬುದನ್ನು. ಹೃದಯಾಘಾತಕ್ಕೆ ಕಾರಣವಾದ ಜಾಗದಲ್ಲಿ ಈ ಗಾಯ ಮಾಯುವುದು ಇನ್ನೂ ತಡ. 2006ರ ಬಾರ್ಸಿಲೋನಾ ಹೃದ್ರೋಗ ಸಮ್ಮೇಳನದಲ್ಲಿ, ಔಷಧ ಲೇಪಿತ ಸ್ಟೆಂಟ್ ಹಾಕಿ ಬಹಳ ಕಾಲದ ಮೇಲೆ ಹೆಪ್ಪುಗಟ್ಟುವ ಸಂಗತಿ ಗದ್ದಲವೆಬ್ಬಿಸಿತು. ಟೈಫೂನ್, ಪ್ಯಾಷನ್ ವರದಿಗಳು ಬಂದದ್ದೂ ಅದೇ ತಿಂಗಳು.

ನನ್ನ ದೃಷ್ಟಿಯಲ್ಲಿ ಈ ಚರಿತ್ರೆಯ ನಿಜವಾದ ತಿರುವು 2012ರ ‘ಎಗ್ಸಾಮಿನೇಶನ್’ ಪ್ರಯೋಗ. ಸ್ಪೇನ್, ಇಟಲಿ, ನೆದರ್ಲೆಂಡ್ಸ್‌ಗಳ ಸುಮಾರು 1,500 ಹೃದಯಾಘಾತ ರೋಗಿಗಳಲ್ಲಿ ಎವೆರೊಲಿಮಸ್ ಲೇಪಿತ ಸ್ಟೆಂಟನ್ನು ಬರೀ ಲೋಹದ ಸ್ಟೆಂಟ್‌ಗೆ ಹೋಲಿಸಲಾಯಿತು. ಎಳೆಗಳು ಸುಮಾರು 81 ಮೈಕ್ರಾನಿಗೆ ತೆಳುವಾಗಿದ್ದವು, ಲೇಪವೂ ರಕ್ತದೊಂದಿಗೆ ಹೊಂದಿಕೊಳ್ಳುವಂಥದು. ಎಲ್ಲ ತೊಂದರೆಗಳನ್ನು ಸೇರಿಸಿದ ಮುಖ್ಯ ಎಣಿಕೆಯಲ್ಲಿ ಒಂದು ವರ್ಷಕ್ಕೆ ಗಣನೀಯ ವ್ಯತ್ಯಾಸ ಬರಲಿಲ್ಲ. ಆದರೆ ಖಚಿತವಾಗಿ ಸ್ಟೆಂಟ್‌ನೊಳಗೆ ಹೆಪ್ಪುಗಟ್ಟಿದ್ದು ಲೋಹದ ಗುಂಪಿನಲ್ಲಿ ಶೇ. 1.9, ಔಷಧದ ಗುಂಪಿನಲ್ಲಿ ಶೇ. 0.5. ಯಾವುದು ಹೆಪ್ಪು ಹುಟ್ಟಿಸುತ್ತದೆಂದು ಆರು ವರ್ಷ ಹಿಂದೆ ಹೆದರಿದ್ದರೋ ಅದೇ ಬಗೆಯ ಸ್ಟೆಂಟ್ ಈಗ ಹೆಪ್ಪು ತಡೆಯುವುದರಲ್ಲಿ ಮುಂದಿತ್ತು. ಐದನೇ ವರ್ಷಕ್ಕೆ ಸಾವು ಕೂಡ ಶೇ. 12ರ ಎದುರು ಶೇ. 9. ಔಷಧದ ಕುಟುಂಬ ಹಳೆಯದೇ, ಸಿರೊಲಿಮಸ್‌ನದು. ಎಳೆ ಮತ್ತು ಲೇಪ ಹೊಸವು.

ಇದಕ್ಕೆ ಎದುರು ಬದಿಯಿಂದ ಸಾಕ್ಷ್ಯ ಕೊಟ್ಟದ್ದು, ಕಾಲಕ್ರಮೇಣ ದೇಹದಲ್ಲೇ ಕರಗಿಹೋಗುವ ‘ಅಬ್ಸಾರ್ಬ್’ ಸ್ಟೆಂಟ್. ಔಷಧ ಅದೇ ಎವೆರೊಲಿಮಸ್, ಆದರೆ ಎಳೆಗಳು 150 ಮೈಕ್ರಾನ್ ದಾಟಿದವು. ಹೃದಯಾಘಾತದವರೂ ಇದ್ದ ‘ಐಡಾ’ ಪ್ರಯೋಗದಲ್ಲಿ ಎರಡು ವರ್ಷದೊಳಗೆ ಹೆಪ್ಪುಗಟ್ಟಿದ್ದು ಶೇ. 3.5; ಲೋಹದ ಎವೆರೊಲಿಮಸ್ ಸ್ಟೆಂಟ್‌ನಲ್ಲಿ ಶೇ. 0.9. 2017ರಲ್ಲಿ ಅಬ್ಸಾರ್ಬ್‌ನ ಮಾರಾಟ ನಿಂತಿತು. 2019ರ ‘ಬಯೋಸ್ಟೆಮಿ’ ಪ್ರಯೋಗ ಹೃದಯಾಘಾತದ 1,300 ರೋಗಿಗಳಲ್ಲಿ ಎರಡು ಔಷಧ ಲೇಪಿತ ಸ್ಟೆಂಟ್‌ಗಳನ್ನೇ ಎದುರುಬದುರು ನಿಲ್ಲಿಸಿತು. ಲೇಪ ಕರಗುವ, ಸಣ್ಣ ಅಳತೆಗಳಲ್ಲಿ ಎಳೆ 60 ಮೈಕ್ರಾನಿನಷ್ಟೇ ಇರುವ ಸ್ಟೆಂಟ್‌ನಲ್ಲಿ ವೈಫಲ್ಯ ಶೇ. 4, ಇನ್ನೊಂದರಲ್ಲಿ ಶೇ. 6.

ಭಾರತದ ಬೆಲೆ ಆದೇಶಕ್ಕೆ ಈ ವ್ಯತ್ಯಾಸಗಳು ಲೆಕ್ಕಕ್ಕಿಲ್ಲ. 2017ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರವು ಲೋಹದ ಸ್ಟೆಂಟ್‌ಗೆ 7,260 ರೂಪಾಯಿ, ಔಷಧ ಲೇಪಿತ ಮತ್ತು ಕರಗುವ ಸ್ಟೆಂಟ್‌ಗಳಿಗೆ ಒಟ್ಟಾಗಿ 29,600 ರೂಪಾಯಿ ಮಿತಿ ಹಾಕಿತು. ಹೊಸ ಪೀಳಿಗೆಗೆ ಬೇರೆ ದರ ಬೇಕೆಂಬ ಕಂಪನಿಗಳ ಬೇಡಿಕೆ ಮಾನ್ಯವಾಗಲಿಲ್ಲ. ವಿಜ್ಞಾನದ ದೃಷ್ಟಿಯಿಂದ ಈ ವಿಂಗಡಣೆ ಒರಟು. ಆದರೂ ಆದೇಶ ಮಾಡಿದವರನ್ನು ದೂರಲು ನನಗೆ ಮನಸ್ಸಿಲ್ಲ. ತೆಳು ಎಳೆಯ, ಕರಗುವ ಲೇಪದ ‘ಸುಪ್ರಾಫ್ಲೆಕ್ಸ್’ ಸ್ಟೆಂಟ್ ಸೂರತ್ ಕಂಪನಿಯದು. ಯುರೋಪಿನ 1,435 ರೋಗಿಗಳ ‘ಟ್ಯಾಲೆಂಟ್’ ಪ್ರಯೋಗದಲ್ಲಿ ಅದು ಹೆಸರು ಮಾಡಿದ ಎವೆರೊಲಿಮಸ್ ಸ್ಟೆಂಟ್‌ಗೆ ಕಡಿಮೆಯಿಲ್ಲವೆಂದು 2019ರಲ್ಲಿ ಸಾಬೀತಾಯಿತು. ಅಲ್ಲಿದ್ದವರೆಲ್ಲ ಹೃದಯಾಘಾತದ ರೋಗಿಗಳಲ್ಲ. ಆದರೆ ಎಳೆಯನ್ನು ತೆಳುವಾಗಿಸಲು ಬೆಲೆ ಏರಿಸಲೇಬೇಕೆಂಬ ವಾದಕ್ಕೆ ಅಷ್ಟು ಉತ್ತರ ಸಾಕು.