ಎಬ್ಬಿಸಿದ ಮೇಲೆ ಉಣಿಸುವ ಹೊಣೆ: ಎಳೆಯ ಮಕ್ಕಳ ತೀವ್ರ ಅಪೌಷ್ಟಿಕತೆ – ಒಂದು ಚಾರಿತ್ರಿಕ ಅವಲೋಕನ

ಪ್ರವೇಶ

ಮಾರ್ಕನ ಶುಭಸಂದೇಶದ ಐದನೆಯ ಅಧ್ಯಾಯದಲ್ಲಿ ಪ್ರಭು ಯೇಸು ಯಾಯೀರನ ಹನ್ನೆರಡು ವರ್ಷದ ಮಗಳನ್ನು ಮರಣದಿಂದ ಎಬ್ಬಿಸುತ್ತಾರೆ. ಈ ಪ್ರಸಂಗವನ್ನು ಬೋಧಿಸುವಾಗ ನಾವು ಸಾಮಾನ್ಯವಾಗಿ 'ತಲಿಥಾ ಕೂಮ್' ಎಂಬ ಅರಮಾಯಿಕ್ ನುಡಿಯ ಬಳಿಯೇ ನಿಂತುಬಿಡುತ್ತೇವೆ. ಆದರೆ ಪ್ರಸಂಗ ಅಲ್ಲಿಗೆ ಮುಗಿಯುವುದಿಲ್ಲ. ಕೊನೆಯ ವಚನದಲ್ಲಿ ಪ್ರಭು ಎರಡು ಅಪ್ಪಣೆಗಳನ್ನು ಕೊಡುತ್ತಾರೆ. ನಡೆದ ಸಂಗತಿಯನ್ನು ಯಾರಿಗೂ ಹೇಳಬಾರದೆಂಬುದು ಮೊದಲನೆಯದು. ಹುಡುಗಿಗೆ ತಿನ್ನಲು ಏನನ್ನಾದರೂ ಕೊಡಬೇಕೆಂಬುದು ಎರಡನೆಯದು. ಮಗುವನ್ನು ಎಬ್ಬಿಸಿದವರು ಪ್ರಭು. ಉಣಿಸುವ ಕೆಲಸವನ್ನು ಅವರು ಮನೆಯಲ್ಲಿದ್ದವರಿಗೆ ವಹಿಸಿದರು.

ಎಳೆಯ ಮಕ್ಕಳ ತೀವ್ರ ಅಪೌಷ್ಟಿಕತೆಯನ್ನು ನಮ್ಮ ನಾಡೂ ವೈದ್ಯಲೋಕವೂ ಎದುರಿಸಿದ ಚರಿತ್ರೆಯನ್ನು ಈ ಎರಡನೆಯ ಅಪ್ಪಣೆಯ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಈ ಲೇಖನದ ಉದ್ದೇಶ. ವಿಷಯವನ್ನು ಆಯ್ದುಕೊಳ್ಳಲು ಕಾರಣ ನನ್ನದೇ ಒಂದು ತಪ್ಪು. ಅದನ್ನು ಮೊದಲು ಹೇಳುವುದು ಯುಕ್ತ.

ಒಂದು ತಪ್ಪು ತಿಳಿವಳಿಕೆ

ಗುರುದೀಕ್ಷೆಯಾದ ಮೊದಲ ವರ್ಷಗಳಲ್ಲಿ ನಾನು ಮೂಡಿಗೆರೆ ಭಾಗದ ಒಂದು ಧರ್ಮಕೇಂದ್ರದಲ್ಲಿ ಸಹಾಯಕ ಗುರುವಾಗಿದ್ದೆ. ಚಾರ್ಮಾಡಿ ಘಾಟಿಯನ್ನು ಹತ್ತಿ ಬಂದ ರಸ್ತೆ ಮಂಜಿನ ನಡುವೆ ಕೊಟ್ಟಿಗೆಹಾರವನ್ನು ಸೇರುವ ಆ ಸೀಮೆಯಲ್ಲಿ ಎತ್ತ ಹೋದರೂ ಕಾಫಿ ತೋಟಗಳೇ. ಕೊಯ್ಲಿನ ದಿನಗಳಲ್ಲಿ ಒಂದು ತೋಟದ ಲೈನ್ ಮನೆಗಳನ್ನು ಆಶೀರ್ವದಿಸಲು ಹೋಗಿದ್ದಾಗ, ಹೊರ ರಾಜ್ಯದಿಂದ ಕೆಲಸಕ್ಕೆ ಬಂದಿದ್ದ ತಾಯಿಯೊಬ್ಬಳು ಸುಮಾರು ಎರಡು ವರ್ಷದ ಮಗುವನ್ನು ಮುಂದೆ ತಂದಳು. ಮಗುವಿನ ಕೆನ್ನೆ, ಪಾದಗಳು ತುಂಬಿಕೊಂಡಂತಿದ್ದವು. "ಮಗು ಚೆನ್ನಾಗಿ ಮೈ ತುಂಬಿಕೊಂಡಿದೆ" ಎಂದು ನಾನು ತಾಯಿಯನ್ನು ಹೊಗಳಿದೆ. ನನ್ನೊಡನಿದ್ದ, ದಾದಿಯ ತರಬೇತಿ ಪಡೆದಿದ್ದ ಧರ್ಮಭಗಿನಿ ಮಾತಾಡದೆ ಮಗುವಿನ ಪಾದದ ಮೇಲೆ ಹೆಬ್ಬೆರಳನ್ನು ಕೆಲವು ಕ್ಷಣ ಒತ್ತಿ ತೆಗೆದರು. ಒತ್ತಿದಲ್ಲಿ ಗುಳಿ ಬಿದ್ದು ಹಾಗೆಯೇ ಉಳಿಯಿತು. ಇನ್ನೊಂದು ಪಾದದಲ್ಲಿಯೂ ಹಾಗೆಯೇ ಆಯಿತು. "ಫಾದರ್, ಇದು ಮೈಯಲ್ಲ, ನೀರು. ಈ ಮಗು ಈವತ್ತೇ ಆಸ್ಪತ್ರೆಗೆ ಹೋಗಬೇಕು" ಎಂದರು.

ಮಗುವನ್ನು ಆಸ್ಪತ್ರೆಗೆ ಸೇರಿಸಿದೆವು. ಬಾವು ಇಳಿದಾಗ ಉಳಿದದ್ದು ಮೂಳೆಗಳ ಗೂಡು. ತಾಯಿ ಆರನೆಯ ದಿನವೇ ಮರಳಿ ಬಂದಳು. ಲೈನಿನಲ್ಲಿ ಇನ್ನಿಬ್ಬರು ಮಕ್ಕಳಿದ್ದರು, ದಿನಗೂಲಿ ನಿಂತಿತ್ತು. ಕೊಯ್ಲು ಮುಗಿಯುತ್ತಲೇ ಆ ಕುಟುಂಬ ಬೇರೆ ತೋಟಕ್ಕೆ ಹೊರಟುಹೋಯಿತು. ಆ ಮಗುವಿನ ಹೆಸರು ನಮ್ಮ ಯಾವ ದಾಖಲೆ ಪುಸ್ತಕದಲ್ಲಿಯೂ ಇರಲಿಲ್ಲ. ಆ ಮಗು ಏನಾಯಿತೆಂದು ಇಂದಿಗೂ ಹೇಳಲಾರೆ.

ಕ್ಷಾಮದ ಕಾಲದ ಸೇವೆ

ಹಸಿವಿಗೆ ಧರ್ಮಸಭೆ ತೋರಿದ ಸ್ಪಂದನೆಯ ಚರಿತ್ರೆ ದೀರ್ಘವಾದುದು. ಸುಮಾರು ಕ್ರಿ.ಶ. 369ರಲ್ಲಿ ಕಪ್ಪದೋಕಿಯದಲ್ಲಿ ಬರ ಬಿದ್ದಾಗ ಸಂತ ಬೆಸಿಲರು ಇನ್ನೂ ಸೆಝರೆಯಾದ ಗುರುವಾಗಿದ್ದರು. ಅವರು ಹಸಿದವರನ್ನು, ಎಳೆಮಕ್ಕಳನ್ನೂ ಸೇರಿಸಿ, ಒಂದೆಡೆ ಕೂಡಿಸಿ ಗಂಜಿ ಬಡಿಸಿದ ಸಂಗತಿಯನ್ನು ನಸಿಯಾನ್ಸಿನ ಸಂತ ಗ್ರೆಗೊರಿಯವರು ತಮ್ಮ ಚರಮೋಪದೇಶದಲ್ಲಿ ಸ್ಮರಿಸಿದ್ದಾರೆ. ಅದೇ ಬೆಸಿಲರು ಕಣಜ ತುಂಬಿಟ್ಟುಕೊಂಡ ಶ್ರೀಮಂತರ ವಿರುದ್ಧ ಬೋಧಿಸಿದರು. ಸಾಲಕ್ಕೆ ಸಿಕ್ಕ ತಂದೆ ಯಾವ ಮಗುವನ್ನು ಮಾರಲಿ ಎಂದು ತಳಮಳಿಸುವ ಚಿತ್ರವನ್ನು ಅವರು ಆ ಬೋಧನೆಗಳಲ್ಲಿ ಸಭಿಕರ ಮುಂದಿಟ್ಟರು. ಗಂಜಿಯ ಕಡಾಯಿ, ಕಣಜದ ಪ್ರಶ್ನೆ ಎರಡೂ ಅವರಲ್ಲಿ ಜೊತೆಗೇ ಇದ್ದವು.

ನಮ್ಮ ನಾಡಿನಲ್ಲಿ ಇದಕ್ಕೆ ಸಮೀಪದ ನೆನಪು 1876–78ರ ಮಹಾಕ್ಷಾಮದ್ದು. 1871ರ ಜನಗಣತಿಯಲ್ಲಿ ಐವತ್ತು ಲಕ್ಷ ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಪರಿಹಾರ ಕಾಮಗಾರಿಗಳಲ್ಲಿ ದುಡಿಯುವವನಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ ಸಾಕೆಂದು ಸರ್ ರಿಚರ್ಡ್ ಟೆಂಪಲ್ ವಾದಿಸಿದರು. ಅದು ದೇಹವನ್ನು ಉಳಿಸದೆಂದು ಮದರಾಸಿನ ನೈರ್ಮಲ್ಯಾಧಿಕಾರಿ ಡಾ. ಕಾರ್ನಿಷ್ ಪ್ರತಿಭಟಿಸಿದರು. ಕಥೋಲಿಕ ಹಾಗೂ ವೆಸ್ಲಿಯನ್ ಮಿಷನ್ನುಗಳೆರಡೂ ತಂದೆತಾಯಿಗಳನ್ನು ಕಳೆದುಕೊಂಡ ಮಕ್ಕಳಿಗಾಗಿ ಅನಾಥಾಲಯಗಳನ್ನು ತೆರೆದವು.

ಆ ಮಿಷನರಿಗಳ ತ್ಯಾಗವನ್ನು ಹಗುರವಾಗಿ ಕಾಣಲಾಗದು. ಆದರೂ ಆ ಸೇವೆಯ ಮಿತಿಯನ್ನು ಗುರುತಿಸಬೇಕು. ಅದು ಕುಟುಂಬ ಒಡೆದ ಮೇಲೆ ಆರಂಭವಾದ ಸೇವೆ. ಹಸಿವೆಂದರೆ ಕ್ಷಾಮ, ಕ್ಷಾಮವೆಂದರೆ ಅಪರೂಪದ ವಿಪತ್ತು ಎಂಬ ಗ್ರಹಿಕೆಯನ್ನೂ ಅದು ನಮ್ಮಲ್ಲಿ ಉಳಿಸಿತು. ಮಳೆ ಚೆನ್ನಾಗಿ ಬಿದ್ದು, ಕಾಫಿಗೆ ಒಳ್ಳೆಯ ಬೆಲೆಯಿರುವ ವರ್ಷದಲ್ಲಿಯೂ ಎರಡು ವರ್ಷದ ಮಗು ಆಹಾರದ ಕೊರತೆಯಿಂದ ಸಾಯಬಹುದೆಂಬುದು ಆ ಗ್ರಹಿಕೆಗೆ ನಿಲುಕುವುದಿಲ್ಲ.

ರೋಗಕ್ಕೆ ಹೆಸರು, ಚಿಕಿತ್ಸೆಗೆ ಕ್ರಮ

ಈ ಸಾಮಾನ್ಯ ಕಾಲದ ಹಸಿವಿಗೆ ಹೆಸರು ತಂದುಕೊಟ್ಟವರು ಜಮೈಕಾ ಮೂಲದ ವೈದ್ಯೆ ಸಿಸಿಲಿ ವಿಲಿಯಮ್ಸ್. ಇಂದಿನ ಘಾನಾದಲ್ಲಿ ಕೆಲಸ ಮಾಡುತ್ತಿದ್ದ ಅವರು, ಮೈ ಊದಿಕೊಂಡು, ಚರ್ಮ ಸುಲಿದು ಸಾಯುತ್ತಿದ್ದ ಮಕ್ಕಳ ಕುರಿತು 1933ರಲ್ಲಿ ಲೇಖನ ಪ್ರಕಟಿಸಿದರು. 1935ರಲ್ಲಿ ಅದಕ್ಕೆ ಅಲ್ಲಿನ ತಾಯಂದಿರೇ ಬಳಸುತ್ತಿದ್ದ ಹೆಸರನ್ನು ಕೊಟ್ಟರು: 'ಕ್ವಾಷಿಯೋರ್ಕರ್'. ಮುಂದಿನ ಮಗು ಹುಟ್ಟಿದಾಗ ಹಿಂದಿನ ಮಗುವಿಗೆ ತಗಲುವ ಕಾಯಿಲೆ ಎಂಬುದು ಗಾ ಭಾಷೆಯ ಆ ಪದದ ಅರ್ಥ. ಎದೆಹಾಲಿನಿಂದ ಬಿಡಿಸಲ್ಪಟ್ಟು, ಬರಿಯ ತೆಳು ಗಂಜಿಗೆ ಇಳಿದ ಮಗುವಿನ ಸ್ಥಿತಿಯನ್ನು ಆ ತಾಯಂದಿರು ವೈದ್ಯಶಾಸ್ತ್ರಕ್ಕಿಂತ ಮೊದಲೇ ಗುರುತಿಸಿದ್ದರು.

ಹೆಸರು ದೊರೆತ ಮಾತ್ರಕ್ಕೆ ಮಕ್ಕಳು ಉಳಿಯಲಿಲ್ಲ. ಇಪ್ಪತ್ತನೆಯ ಶತಮಾನದ ಕೊನೆಯವರೆಗೂ ಅನೇಕ ಆಸ್ಪತ್ರೆಗಳಲ್ಲಿ ಇಂಥ ಮಕ್ಕಳ ಪೈಕಿ ಐದರಲ್ಲಿ ಒಂದು, ಕೆಲವೆಡೆ ಅದಕ್ಕಿಂತ ಹೆಚ್ಚು ಸಾಯುತ್ತಿದ್ದವು. ಒಂದು ಮುಖ್ಯ ಕಾರಣ, ಒಳ್ಳೆಯ ಉದ್ದೇಶದಿಂದಲೇ ಮಾಡಿದ ತಪ್ಪು ಚಿಕಿತ್ಸೆ. ಬಹುಕಾಲ ಹಸಿದ ದೇಹದಲ್ಲಿ ಹೃದಯ, ಯಕೃತ್ತು, ಮೂತ್ರಪಿಂಡಗಳು ಅತ್ಯಲ್ಪ ಶಕ್ತಿಯಲ್ಲಿ ಬದುಕಲು ಹೊಂದಿಕೊಂಡಿರುತ್ತವೆ. ಅಂಥ ಮಗುವಿಗೆ ಒಮ್ಮೆಲೇ ಹೆಚ್ಚು ಆಹಾರ, ರಕ್ತನಾಳಕ್ಕೆ ಹೆಚ್ಚು ದ್ರವ, ಮೊದಲ ದಿನವೇ ಕಬ್ಬಿಣಾಂಶದ ಔಷಧ ಕೊಟ್ಟರೆ ಅದು ತಾಳಲಾರದು.

ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಹೊರತಂದ ಕೈಪಿಡಿ ಈ ಅರಿವನ್ನು ಒಂದು ಕ್ರಮಕ್ಕೆ ತಂದಿತು. ಆ ಕ್ರಮ ಇಂದು ಹತ್ತು ಹೆಜ್ಜೆಗಳೆಂದು ಪ್ರಸಿದ್ಧ. ಮೊದಲು ಮಗುವಿನ ರಕ್ತದ ಸಕ್ಕರೆ ಕುಸಿಯದಂತೆ, ಮೈ ತಣ್ಣಗಾಗದಂತೆ ಕಾಯಬೇಕು. ನಿರ್ಜಲತೆಯನ್ನು ಎಚ್ಚರದಿಂದ ಸರಿಪಡಿಸಬೇಕು. ಜ್ವರ ಕಾಣದಿದ್ದರೂ ಸೋಂಕಿಗೆ ಔಷಧ ಕೊಡಬೇಕು. ನೂರು ಮಿಲಿಲೀಟರಿಗೆ 75 ಕಿಲೋಕ್ಯಾಲರಿಯ ಹಾಲಿನ ಮಿಶ್ರಣವನ್ನು ಹಗಲುರಾತ್ರಿ ಎರಡು ಮೂರು ಗಂಟೆಗೊಮ್ಮೆ ಸ್ವಲ್ಪಸ್ವಲ್ಪವೇ ಕುಡಿಸಬೇಕು. ಹಸಿವು ಮರಳಿದ ಮೇಲೆ 100 ಕಿಲೋಕ್ಯಾಲರಿಯ ಮಿಶ್ರಣಕ್ಕೆ ಏರಬೇಕು. ಕಬ್ಬಿಣಾಂಶ ಆ ಬಳಿಕ. ಒಂಬತ್ತನೆಯ ಹೆಜ್ಜೆ ನಮ್ಮಂಥವರನ್ನು ತಡೆದು ನಿಲ್ಲಿಸುವಂಥದು: ಮಗುವಿನೊಡನೆ ಆಡಬೇಕು, ಮಾತಾಡಬೇಕು, ಎತ್ತಿಕೊಳ್ಳಬೇಕು. ಅದು ಸದ್ಭಾವನೆಯ ಸಲಹೆಯಲ್ಲ, ಚಿಕಿತ್ಸೆಯ ಅಂಗ. ಹತ್ತನೆಯದು, ಮನೆಗೆ ಮರಳಿದ ಮೇಲಿನ ಆರೈಕೆಗೆ ಸಿದ್ಧತೆ.

2007ರಲ್ಲಿ ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ಇನ್ನೊಂದು ಹೆಜ್ಜೆ ಮುಂದಿಟ್ಟವು. ಚೆನ್ನಾಗಿ ತಿನ್ನಬಲ್ಲ, ಬೇರೆ ತೊಡಕುಗಳಿಲ್ಲದ ಮಗುವಿಗೆ ಊರಿನಲ್ಲಿಯೇ ಚಿಕಿತ್ಸೆ ಸಾಧ್ಯವೆಂದು ಅವು ಸಾರಿದವು. ನಮ್ಮ ದೇಶದಲ್ಲಿ ತೊಡಕುಗಳಿರುವ ಮಕ್ಕಳಿಗಾಗಿ ಪೌಷ್ಟಿಕ ಪುನಶ್ಚೇತನ ಕೇಂದ್ರಗಳಿವೆ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳಿನ ನಡುಭಾಗದ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ, ಎತ್ತರಕ್ಕೆ ಹೋಲಿಸಿದಾಗ ತೂಕ ತೀರಾ ಕಡಿಮೆಯಿದ್ದರೆ, ಅಥವಾ ಎರಡೂ ಪಾದಗಳಲ್ಲಿ ಗುಳಿ ಬೀಳುವ ಬಾವಿದ್ದರೆ ಅದು ತೀವ್ರ ಅಪೌಷ್ಟಿಕತೆ. ಇವುಗಳಲ್ಲಿ ಮೊದಲನೆಯದಕ್ಕೆ ಒಂದು ಪಟ್ಟಿ ಸಾಕು, ಕೊನೆಯದಕ್ಕೆ ಹೆಬ್ಬೆರಳು ಸಾಕು.

ತಡೆಗಟ್ಟುವಿಕೆ: ತಾಯಿಯ ಸಮಯದ ಪ್ರಶ್ನೆ

ಚಿಕಿತ್ಸೆಯ ಚರಿತ್ರೆಯ ಜೊತೆಗೇ ತಡೆಗಟ್ಟುವಿಕೆಯ ಚರಿತ್ರೆಯೂ ಸಾಗಿದೆ. ಅದರಲ್ಲಿ ಕರ್ನಾಟಕಕ್ಕೆ ಗೌರವದ ಸ್ಥಾನವಿದೆ. 1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಕಡಲೆಕಾಯಿ ಹಿಟ್ಟು, ಕಡಲೆ ಹಿಟ್ಟುಗಳಿಂದ ಅಗ್ಗದ ಪೌಷ್ಟಿಕ ಆಹಾರವನ್ನು ರೂಪಿಸಿತು. 1980ರ ದಶಕದ ಆರಂಭದಲ್ಲಿ ಅಲ್ಲಿನ ವಿಜ್ಞಾನಿಗಳು ಮೊಳಕೆ ಬರಿಸಿದ ರಾಗಿ ಮತ್ತು ಹೆಸರುಕಾಳಿನ ಶಿಶು ಆಹಾರವನ್ನು ಸಿದ್ಧಪಡಿಸಿದರು. ಸಾಮಾನ್ಯ ಹಿಟ್ಟಿನ ಗಂಜಿ ಬೇಗ ಗಟ್ಟಿಯಾಗುತ್ತದೆ. ಮಗು ನುಂಗಲೆಂದು ನೀರು ಬೆರೆಸಿದರೆ ಸತ್ವ ತೆಳುವಾಗುತ್ತದೆ. ಮೊಳಕೆಯೊಡೆದ ಧಾನ್ಯದ ಗಂಜಿ ಹೆಚ್ಚು ಹಿಟ್ಟು ಹಾಕಿದರೂ ತೆಳುವಾಗಿಯೇ ಉಳಿಯುವುದರಿಂದ ಎಳೆಯ ಹೊಟ್ಟೆಗೆ ಹೆಚ್ಚು ಸತ್ವ ಸಿಗುತ್ತದೆ. ನಮ್ಮ ಅಜ್ಜಿಯಂದಿರು ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಬೀಸುತ್ತಿದ್ದುದರ ಹಿಂದಿನ ಅರ್ಥ ಇದೇ.

ಆದರೆ ಆ ಕೆಲಸಕ್ಕೂ, ದಿನಕ್ಕೆ ನಾಲ್ಕೈದು ಸಲ ಮಗುವಿಗೆ ತಿನ್ನಿಸಲಿಕ್ಕೂ ಸಮಯ ಬೇಕು. ಬೆಳಗ್ಗೆ ಎಂಟಕ್ಕೆ ತೋಟಕ್ಕಿಳಿದು ಸಂಜೆ ಹಣ್ಣಿನ ಚೀಲ ತೂಗಿಸಿ ಮರಳುವ ತಾಯಿಗೆ ಅದು ಎಲ್ಲಿಂದ ಬರಬೇಕು? ಅಷ್ಟು ಹೊತ್ತು ಮಗುವನ್ನು ಕಾಯುವವಳು ಲೈನಿನಲ್ಲಿ ಉಳಿದ ಏಳೆಂಟು ವರ್ಷದ ಅಕ್ಕ. 1951ರ ತೋಟ ಕಾರ್ಮಿಕರ ಕಾಯಿದೆ ಈ ಪ್ರಶ್ನೆಯನ್ನು ಗುರುತಿಸಿತ್ತು. ಐವತ್ತು ಮಂದಿ ಹೆಂಗಸರು ದುಡಿಯುವ ತೋಟದಲ್ಲಿ ಮಾಲೀಕನು ಶಿಶುಪಾಲನಾ ಕೋಣೆಯನ್ನು ಒದಗಿಸಬೇಕೆಂದು ಅದು ವಿಧಿಸಿತು. ಆದರೆ ನಮ್ಮ ಕಾಫಿ ಹಿಡುವಳಿಗಳಲ್ಲಿ ಬಹುಪಾಲು ಹತ್ತು ಹೆಕ್ಟೇರಿಗಿಂತ ಚಿಕ್ಕವು. ಅಲ್ಲಿ ದುಡಿಯುವ ತಾಯಂದಿರಿಗೆ ಆ ವಿಧಿ ತಲುಪಲಿಲ್ಲ.

1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾಯಿತು. ನಮ್ಮ ರಾಜ್ಯದಲ್ಲಿ ಮೊದಲು ಟಿ. ನರಸೀಪುರದಲ್ಲಿ. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟು ಅಂಗನವಾಡಿಯ ಆಹಾರವನ್ನು ಮಗುವಿನ ಹಕ್ಕಿನ ನೆಲೆಗೆ ಏರಿಸಿತು. ರಾಯಚೂರಿನ ಮಕ್ಕಳ ಸಾವಿನ ವರದಿಗಳ ನಂತರ ನಮ್ಮ ಹೈಕೋರ್ಟು ನ್ಯಾಯಮೂರ್ತಿ ಎನ್.ಕೆ. ಪಾಟೀಲರ ಸಮಿತಿಯನ್ನು ನೇಮಿಸಿತು. ಸಮಿತಿ 2012ರಲ್ಲಿ ಶಿಫಾರಸುಗಳನ್ನು ನೀಡಿತು. 2013ರ ಆಹಾರ ಭದ್ರತಾ ಕಾಯಿದೆ, ಅಪೌಷ್ಟಿಕ ಮಕ್ಕಳನ್ನು ಅಂಗನವಾಡಿಯ ಮೂಲಕ ಗುರುತಿಸಿ ಉಚಿತವಾಗಿ ಉಣಿಸುವುದು ರಾಜ್ಯದ ಕರ್ತವ್ಯವೆಂದಿತು. ಇಷ್ಟಾದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 19.5ರಷ್ಟು ಮಕ್ಕಳ ತೂಕ ಎತ್ತರಕ್ಕೆ ತಕ್ಕಷ್ಟಿರಲಿಲ್ಲ, ಶೇ. 8.4ರಷ್ಟು ಮಕ್ಕಳಲ್ಲಿ ಆ ಕೊರತೆ ತೀವ್ರವಾಗಿತ್ತು.

ಧರ್ಮಕೇಂದ್ರದ ಹೊಣೆ

ಈ ಚರಿತ್ರೆಯಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ತೀವ್ರ ಅಪೌಷ್ಟಿಕತೆಯಿಂದ ಮಗುವನ್ನು ಎಬ್ಬಿಸುವ ವಿದ್ಯೆ ಇಂದು ನಮ್ಮಲ್ಲಿದೆ. ಎದ್ದ ಮಗು ಮರಳಿ ಹೋಗುವುದು ಮಾತ್ರ ಅದೇ ಲೈನ್ ಮನೆಗೆ. ಪ್ರಭುವಿನ ಎರಡನೆಯ ಅಪ್ಪಣೆ ಅನ್ವಯಿಸುವುದು ಅಲ್ಲಿ. ನನ್ನ ಅನುಭವದ ಆ ತಾಯಿ ಆರನೆಯ ದಿನ ಮರಳಿದ್ದು ಅಜ್ಞಾನದಿಂದಲ್ಲ. ಉಳಿದಿಬ್ಬರು ಮಕ್ಕಳನ್ನು ಹದಿನಾಲ್ಕು ದಿನ ನೋಡಿಕೊಳ್ಳುವವರು ಯಾರೂ ಇರಲಿಲ್ಲ. ನೋಡಿಕೊಳ್ಳಬಹುದಾಗಿದ್ದ ಮನೆಗಳು ನಮ್ಮ ಧರ್ಮಕೇಂದ್ರದಲ್ಲಿ ಹತ್ತಾರಿದ್ದವು. ನಾನು ಯಾರನ್ನೂ ಕೇಳಲಿಲ್ಲ.

ಹಸಿವಿನಿಂದ ಸಾಯುವವನಿಗೆ ಉಣಿಸದಿದ್ದವನು ಅವನನ್ನು ಕೊಂದಂತೆಯೇ ಎಂಬ ಸಭಾಪಿತೃಗಳ ಕಠಿಣ ಬೋಧನೆಯನ್ನು ಎರಡನೆಯ ವ್ಯಾಟಿಕನ್ ಮಹಾಸಭೆ 1965ರ 'ಗೌದಿಯುಮ್ ಎತ್ ಸ್ಪೆಸ್' ದಸ್ತಾವೇಜಿನ 69ನೆಯ ಪರಿಚ್ಛೇದದಲ್ಲಿ ನೆನಪಿಸಿದೆ. ಮಲೆನಾಡಿನ ನಮ್ಮ ದೇವಾಲಯಗಳಲ್ಲಿ ತೋಟದ ಮಾಲೀಕನೂ ಕೂಲಿಯವಳೂ ಒಂದೇ ಪರಮಪ್ರಸಾದದ ಪೀಠದೆದುರು ನಿಲ್ಲುತ್ತಾರೆ. ಬೆಸಿಲರಂತೆ ಇಬ್ಬರೊಡನೆಯೂ ಮಾತಾಡಬೇಕಾದವರು ನಾವು. ಮಾಲೀಕರೊಡನೆ, ನಾಲ್ಕೈದು ಸಣ್ಣ ತೋಟಗಳು ಸೇರಿ ಒಂದು ಶಿಶುಪಾಲನಾ ಕೋಣೆ ನಡೆಸುವ ವಿಷಯವನ್ನು. ತಾಯಂದಿರೊಡನೆ, ಆರು ತಿಂಗಳವರೆಗೆ ಎದೆಹಾಲು ಮಾತ್ರ, ಆ ಬಳಿಕ ಎದೆಹಾಲಿನೊಂದಿಗೆ ಗಟ್ಟಿ ಸತ್ವದ ಆಹಾರ ಎಂಬುದನ್ನು. ಅಂಗನವಾಡಿಯ ಶಿಕ್ಷಕಿಗೆ, ಹೊಸದಾಗಿ ಬಂದ ಕುಟುಂಬದಲ್ಲಿ ಎಳೆಮಕ್ಕಳಿದ್ದಾರೆಂಬ ಸುದ್ದಿಯನ್ನಾದರೂ ಮುಟ್ಟಿಸಬಹುದು.

ಗುರುಮಠದ ಸಹೋದರರು ಪಾಲನಾ ಸೇವೆಯ ಅಭ್ಯಾಸಕ್ಕಾಗಿ ಹಳ್ಳಿಗಳಿಗೆ ಹೋಗುವಾಗ ಒಬ್ಬ ದಾದಿಯ ಬಳಿ ಒಂದು ದಿನ ಕುಳಿತು, ತೋಳಳತೆಯ ಪಟ್ಟಿ ಹಿಡಿಯುವುದನ್ನೂ ಪಾದದ ಬಾವು ಒತ್ತಿ ನೋಡುವುದನ್ನೂ ಕಲಿಯಲಿ ಎಂಬುದು ನನ್ನ ವಿನಂತಿ. ಆಶೀರ್ವದಿಸಲು ಮಗುವಿನ ತಲೆಯ ಮೇಲೆ ಕೈಯಿಡುವ ನಾವು ಅದರ ಪಾದವನ್ನೂ ಒಮ್ಮೆ ಮುಟ್ಟಿ ನೋಡಬೇಕು.